ಕರೆಂಟ್ ಹೋಗದ ಊರಿನಲ್ಲಿ ಹಸಿರು ಬಳೆ

ನಾನು ಒಂದೇ ಒಂದು ಸಾಲು ಬರೆಯಬೇಕಿತ್ತು. 'ಇದನ್ನು ಮಾಡಿದ್ದು ನಾನಲ್ಲ, ನನ್ನ ತಂಗಿ' ಎಂದು. ಬರೆಯಲಿಲ್ಲ. ಬರೆಯದೆ ಇದ್ದದ್ದಕ್ಕೆ ಜರ್ಮನಿಗೆ ಹೋಗಿ ಬಂದೆ. ತಪ್ಪು ಮಾಡಿದವರನ್ನು ಹಿಂದಿನ ಕಾಲದಲ್ಲಿ ಊರು ಬಿಡಿಸುತ್ತಿದ್ದರಂತೆ. ನನ್ನನ್ನೂ ಬಿಡಿಸಿದರು, ಆದರೆ ಕಿಟಕಿ ಪಕ್ಕದ ಸೀಟು ಕೊಟ್ಟು, ಊಟ ಹಾಕಿ, ಕಾಲಿಗೆ ಹೊದಿಕೆ ಕೊಟ್ಟು.

ಅಫಜಲಪುರ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಮೋಟರ್ ವೈಂಡಿಂಗ್ ಅಂಗಡಿ ಇದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಕೂತವನು ನಾನು. ಸುಟ್ಟ ಮೋಟರ್ ಬಿಚ್ಚುವುದು, ಕರಕಲು ತಂತಿ ಕೀಳುವುದು, ಹೊಸ ತಾಮ್ರದ ತಂತಿ ಸುತ್ತುವುದು, ಇಷ್ಟು ನನಗೆ ಬರುತ್ತದೆ. ಅಂಗಡಿಯ ಒಳಮೂಲೆ ನನ್ನ ತಂಗಿ ಕಸ್ತೂರಿಯದು. ಪಕ್ಕದಲ್ಲಿ ಮೊಬೈಲ್ ರಿಪೇರಿ ಮಾಡುವ ರಹೀಮ್ ಚಾಚಾ ಬೇಡವೆಂದು ಬಿಸಾಡಿದ ಫೋನುಗಳೆಲ್ಲ ಅವಳ ಮುಂದೆ ರಾಶಿ ಬಿದ್ದಿರುತ್ತವೆ. ಅವನ್ನು ಬಿಚ್ಚಿ, ಕೂಡಿಸಿ, ಮತ್ತೆ ಬಿಚ್ಚುವುದು ಅವಳ ಹವ್ಯಾಸ. ಹುಡುಗಿಯರು ಕಸೂತಿ ಹಾಕುವ ಹಾಗೆ ಅವಳು ಬೆಸುಗೆ ಹಾಕುತ್ತಾಳೆ.

ನಮ್ಮ ಕಡೆ ಹೊಲದ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್, ಅಂದರೆ ಮೂರು ತಂತಿಯಲ್ಲೂ ಒಟ್ಟಿಗೆ ಬರುವ ಕರೆಂಟ್, ಬೇಕು. ಅದು ಬಂದಾಗ ಬಂತು, ಹೋದಾಗ ಹೋಯಿತು. ಮೂರು ಫೇಸಿನಲ್ಲಿ ಒಂದು ಕೈಕೊಟ್ಟಿರುವಾಗ ಮೋಟರ್ ಚಾಲೂ ಮಾಡಿದರೆ ಅದು ಸುಟ್ಟು ನೇರವಾಗಿ ನನ್ನ ಅಂಗಡಿಗೆ ಬರುತ್ತದೆ. ಕಸ್ತೂರಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಹಳೆಯ ಬಟನ್ ಫೋನೊಂದನ್ನು ಕೂಡಿಸಿ, ಅದರ ಬಟನ್‌ಗಳಿಗೆ ತಂತಿ ಬೆಸೆದು, ಒಂದು ಉಪಾಯ ಮಾಡಿದಳು. ಮೂರೂ ಫೇಸು ಸರಿಯಾಗಿ ಬಂದು ನಿಂತಾಗ ಮಾತ್ರ ಡಬ್ಬಿ ರೈತನ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತದೆ. ಅದನ್ನು ಎತ್ತಬಾರದು. ರಿಂಗಾಯಿತೆಂದರೆ ಕರೆಂಟ್ ಬಂತೆಂದು ತಿಳಿದು ಹೊಲಕ್ಕೆ ನಡೆಯಬೇಕು.

ನಿಂಬರ್ಗಾದವರು ಒಯ್ದರು, ಜೇವರ್ಗಿಯವರು ಒಯ್ದರು, ಆಳಂದದಿಂದ ಕೇಳಿಕೊಂಡು ಬಂದರು. ಸುಟ್ಟ ಮೋಟರ್‌ಗಳು ಕಡಿಮೆಯಾದವು.

"ಕಸ್ತೂರಿ, ನನ್ನ ಹೊಟ್ಟಿ ಮ್ಯಾಲೆ ಹೊಡಿಯೋ ಡಬ್ಬಿ ಮಾಡಿಯಲ್ಲ ಬೇ" ಎಂದೆ.

"ನಿನ್ನ ಹೊಟ್ಟಿ ಭಾಳ ಮುಂದ ಬಂದದ ಅಣ್ಣಾ. ಒಂದೀಟು ಇಳೀಲಿ ಬಿಡು" ಎಂದಳು, ತಲೆ ಎತ್ತದೆ.

ಅಂತರ್ಜಾಲದಲ್ಲಿ ಇವಳಂಥವರದೇ ಒಂದು ಕಟ್ಟೆ ಇದೆ. ಊರ ಕಟ್ಟೆಯ ಹಾಗೆಯೇ. ಒಬ್ಬರು ತಾವು ಮಾಡಿದ್ದರ ಫೋಟೊ ಹಾಕುತ್ತಾರೆ, ಉಳಿದವರು ನಾಲ್ಕು ದಿಕ್ಕಿನಿಂದ ಬಂದು ಹೊಗಳುತ್ತಾರೆ, ಬೈಯುತ್ತಾರೆ, ಆಮೇಲೆ ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುತ್ತಾರೆ. ತನ್ನದೊಂದು ಫೋನು ಕೂಡಿಸಿಕೊಳ್ಳುವ ಮೊದಲೇ ಕಸ್ತೂರಿ ನನ್ನ ಫೋನಿನಿಂದ ಆ ಕಟ್ಟೆ ಸೇರಿದ್ದಳು. ಹಾಗಾಗಿ ಖಾತೆಗೆ ನನ್ನ ಹೆಸರು ಬಿತ್ತು: ಭೀಮಾಶಂಕರ. ಜೊತೆಗೆ ನನ್ನ ಮದುವೆಯ ಫೋಟೊ, ರುಮಾಲು ಸಮೇತ. ಅವಳು ಬರೆಯುವಳು, ಹೊಗಳಿಕೆ ನನ್ನ ರುಮಾಲಿಗೆ ಬೀಳುವುದು. ಬರಬರುತ್ತ ಅದು ರುಮಾಲು ದಾಟಿ ತಲೆಗೂ ಇಳಿಯಿತು. ಕಸ್ತೂರಿ ಕಾಣಿಸುತ್ತಿದ್ದದ್ದು ಫೋಟೊದ ಮೂಲೆಯಲ್ಲಿ ಮಾತ್ರ: ಬೆಸುಗೆ ಕಡ್ಡಿ ಹಿಡಿದ ಕೈ, ಕೈತುಂಬ ಹಸಿರು ಗಾಜಿನ ಬಳೆ, ಹೆಬ್ಬೆರಳಿನ ಮೇಲೆ ಒಂದು ಸುಟ್ಟ ಕಲೆ.

ಅವಳು ಜೇವರ್ಗಿಯ ಚಿಗವ್ವನ ಮನೆಗೆ ಹೋಗಿದ್ದಾಗ ಕಟ್ಟೆಯಿಂದ ನನ್ನ ಫೋನಿಗೆ ಒಂದು ಖಾಸಗಿ ಸಂದೇಶ ಬಂತು. ಕನ್ನಡಕ್ಕೆ ತಿರುಗಿಸುವ ಗುಂಡಿ ಒತ್ತಿ ಓದಿದೆ. ಯೂರ್ಗನ್ ಎಂಬ ಜರ್ಮನಿಯವನು ಕೇಳಿದ್ದ: 'ನಿಮ್ಮ ಕೈಯ ಹಸಿರು ಬಳೆಗಳ ಬಗ್ಗೆ ಇಲ್ಲಿ ನಮ್ಮೆಲ್ಲರಿಗೂ ಕುತೂಹಲ. ಅದು ನಿಮ್ಮ ನಾಡಿನ ಗಂಡಸರ ಪದ್ಧತಿಯೆ?'

ಆಗ ಬರೆಯಬೇಕಿತ್ತು ಆ ಸಾಲು. ಬದಲಿಗೆ ನಾನು ಫೋನಿನ ಮುಂದೆ ಗಂಟಲು ಸರಿಪಡಿಸಿಕೊಂಡು ಹೇಳಿ ಬರೆಸಿದೆ: 'ಹೌದು. ನಮ್ಮಲ್ಲಿ ನುರಿತ ಕೆಲಸಗಾರರು ಕೆಲಸಕ್ಕೆ ಕೂರುವಾಗ ಬಳೆ ಹಾಕಿಕೊಳ್ಳುತ್ತಾರೆ.'

ಅದಕ್ಕೆ ಉತ್ತರವಾಗಿ ಆಮಂತ್ರಣ ಬಂತು. ಲೈಪ್‌ಜಿಗ್ ಎಂಬ ಊರಿನಲ್ಲಿ ಕಟ್ಟೆಯವರೆಲ್ಲ ಮುಖಾಮುಖಿ ಸೇರುತ್ತಾರೆ, ಡಬ್ಬಿ ಮಾಡಿದವರು ಬರಬೇಕು, ಹೋಗಿಬರುವ ಟಿಕೆಟ್ ಅವರದೇ.

ಕಸ್ತೂರಿ ಬಂದ ಮೇಲೆ ಹೇಳಿದೆ: "ಖಾತೆ ಮ್ಯಾಲೆ ಯಾರ ಹೆಸರ ಅದನೋ ಅವ್ರೇ ಬರಬೇಕಂತ. ರೂಲ್ ಅದ."

ಅಂಥ ನಿಯಮ ಯಾವುದೂ ಇರಲಿಲ್ಲ. ಎಂದೋ ಒಮ್ಮೆ ದುಬೈಗೆ ವೈಂಡಿಂಗ್ ಕೆಲಸಕ್ಕೆ ಹೋಗುವ ಹುಕಿಯಲ್ಲಿ ಮಾಡಿಸಿದ್ದ ಪಾಸ್‌ಪೋರ್ಟ್ ನನ್ನ ಹತ್ತಿರ ಇತ್ತು, ಅಷ್ಟೆ. ಕಸ್ತೂರಿ ಸ್ವಲ್ಪ ಹೊತ್ತು ಕೈಯಲ್ಲಿದ್ದ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ರೂಲ್ ಅದ ಅಂದ್ರ ಅದ" ಎಂದಳು. "ಅಲ್ಲಿ ಹೋಗಿ ಏನಂತ ಮಾತಾಡ್ತಿ?"

"ನೀನೇ ಹೇಳು."

"ಯಾರು ಏನೇ ಕೇಳಿದ್ರೂ 'ಇಟ್ ಡಿಪೆಂಡ್ಸ್' ಅನ್ನು. ಸಂದರ್ಭ ನೋಡಿ ಹೇಳಬೇಕು ಅಂತ ಅದರರ್ಥ. ಆ ಕಟ್ಟಿ ಮ್ಯಾಲೆ ಭಾಳ ತಿಳಿದವ್ರೆಲ್ಲಾ ಹಿಂಗೇ ಅಂತಾರ. ಅಂದು ಸುಮ್ಮ ಗಡ್ಡ ಕೆರಕೋ."

ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಇಡುವಾಗ ಒಂದು ಮಾತು ಕೇಳಿದಳು: "ಯಾರರೇ ಕೇಳಿದ್ರ ನನ್ನ ಹೆಸರ ಹೇಳ್ತೀಯಲ್ಲಾ, ಅಣ್ಣಾ?"

"ಹೇಳ್ತೇನಿ ಬಿಡು" ಎಂದೆ.

ಹೈದರಾಬಾದ್ ವಿಮಾನ ನಿಲ್ದಾಣ

ಓದುಗರಿಗೆ ಒಂದು ಕಿವಿಮಾತು. ಫೋನು, ಬ್ಯಾಟರಿ, ಕೆಂಪು ಹಳದಿ ನೀಲಿ ತಂತಿ, ಇವೆಲ್ಲ ಇರುವ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ತಪಾಸಣೆಯ ಜವಾನ ಪರದೆ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. ನನ್ನ ಹಿಂದಿದ್ದ ಸಾಲು ತಾನಾಗಿಯೇ ದೂರ ಸರಿಯಿತು.

"ಯೇ ಕ್ಯಾ ಹೈ?"

ರಹೀಮ್ ಚಾಚಾನಿಂದ ಕಲಿತ ದಖನಿಯಲ್ಲಿ ನಾನು ಇದ್ದ ಸತ್ಯವನ್ನೇ ಹೇಳಿದೆ, ಕರೆಂಟ್ ಬಂದರೆ ಇದು ತಾನಾಗಿಯೇ ಫೋನ್ ಹಚ್ಚುತ್ತದೆ ಎಂದು: "ಕರೆಂಟ್ ಆಯಾ ತೋ ಫೋನ್ ಲಗತಾ ಸಾಬ್, ಅಪ್ನೇ ಆಪ್."

ಅಂಥ ಜಾಗದಲ್ಲಿ ಹೇಳಬಾರದ ಮಾತು ಇದಕ್ಕಿಂತ ಬೇರೆ ಇರಲಿಕ್ಕಿಲ್ಲ. ದೊಡ್ಡ ಸಾಹೇಬರು ಬಂದರು. ಮೀಸೆ ಗಟ್ಟಿಯಾಗಿತ್ತು, ಮುಖ ಅದಕ್ಕಿಂತ ಗಟ್ಟಿ. ಡಬ್ಬಿ ತೆರೆಸಿದರು. ಮೂರು ತಂತಿಗಳನ್ನು ನೋಡುತ್ತಿದ್ದ ಹಾಗೆ ಅವರ ಹುಬ್ಬು ಇಳಿಯಿತು.

"ಮೋಟರ್ ಕಾ? ತೀನ್ ಫೇಸ್?"

"ಹೌದ್ರಿ ಸಾಹೇಬ್ರ!" ಎಂದು ಕನ್ನಡದಲ್ಲೇ ಕೂಗಿಬಿಟ್ಟೆ.

ಅವರ ಊರಲ್ಲೂ ಬೋರ್‌ವೆಲ್ ಇತ್ತು. ಅವರ ತಮ್ಮ ಆ ವರ್ಷವೇ ಮೋಟರ್ ಸುಡಿಸಿಕೊಂಡಿದ್ದ. ಜವಾನರನ್ನೆಲ್ಲ ಕರೆದು ಡಬ್ಬಿ ತೋರಿಸಿದರು, ಊರಿಗೊಂದು ಬೇಕೆಂದು ನನ್ನ ನಂಬರ್ ಬರೆದುಕೊಂಡರು. ಕೊನೆಗೆ ಬೆನ್ನು ತಟ್ಟಿ, ಮಾಡಿದವರು ಯಾರೆಂದು ಕೇಳಿದರು: "ಕಿಸ್ನೇ ಬನಾಯಾ?"

ಕಸ್ತೂರಿಗೆ ಕೊಟ್ಟ ಮಾತು ಇನ್ನೂ ಬಾಯಲ್ಲಿ ಬಿಸಿ ಇತ್ತು. ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. "ಮೈನೇ" ಎಂದೆ.

ಲೈಪ್‌ಜಿಗ್‌ಗೆ ಹೋಗುವ ರೈಲು

ಜರ್ಮನಿಯಲ್ಲಿ ಎಲ್ಲವೂ ಗಡಿಯಾರ ನೋಡಿಕೊಂಡು ನಡೆಯುತ್ತದೆ ಎಂದು ರಹೀಮ್ ಚಾಚಾ ಹೆದರಿಸಿ ಕಳಿಸಿದ್ದರು. ಫ್ರಾಂಕ್‌ಫರ್ಟ್‌ನಲ್ಲಿ ಹತ್ತಬೇಕಾದ ರೈಲು ತಡವಾಗಿ ಬಂತು. ನನಗಾದ ಸಂತೋಷ ಹೇಳತೀರದು, ಊರಲ್ಲೇ ಇದ್ದೇನೆ ಅನ್ನಿಸಿತು. ಆದರೆ ಅಲ್ಲಿಯವರಿಗೆ ಕಾಯಲು ಬರುವುದಿಲ್ಲ. ನಮ್ಮಲ್ಲಾದರೆ ಇಷ್ಟೊತ್ತಿಗೆ ಯಾರಾದರೂ ಬುತ್ತಿ ಬಿಚ್ಚಿ, ಯಾವೂರ್ರಿ ಎಂದು ಕೇಳಿ, ಒಂದು ನೆಂಟಸ್ತಿಕೆಯ ಮಾತೂ ಆಗಿಹೋಗುತ್ತಿತ್ತು. ಅವರು ಒಬ್ಬೊಬ್ಬರೇ ನಿಂತು ನಿಟ್ಟುಸಿರು ಬಿಡುತ್ತಿದ್ದರು.

ರೈಲು ಹತ್ತಿ ಕೂತೆ. ಹಸಿವಾಯಿತು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತೆಗೆದೆ. ಒಂದು ತುಂಡು ಮುರಿದೆ. ಫಟ್ ಎಂದಿತು. ಬೋಗಿಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಕಚ್ಚಿದೆ. ಯಾರೋ ಕೆಮ್ಮಿದರು. ಎದುರಿನ ಅಜ್ಜಿ ನಯವಾಗಿ ಗಾಜಿನ ಬಾಗಿಲಿನ ಮೇಲಿದ್ದ ಚಿತ್ರ ತೋರಿಸಿದರು: ತುಟಿಗೆ ಬೆರಳಿಟ್ಟ ಮುಖ. ಅದು ಸದ್ದು ಮಾಡಬಾರದ ಬೋಗಿ. ಸದ್ದು ಮಾಡದವರಿಗಾಗಿಯೇ ಒಂದು ಬೋಗಿ ಇಡುವ ದೇಶಕ್ಕೆ ನಾನು ಜಗತ್ತಿನಲ್ಲೇ ಹೆಚ್ಚು ಸದ್ದು ಮಾಡುವ ರೊಟ್ಟಿ ಒಯ್ದಿದ್ದೆ. ಬಾಯಲ್ಲಿದ್ದ ತುಂಡನ್ನು ಅಗಿಯುವಂತಿಲ್ಲ, ಉಗುಳುವಂತಿಲ್ಲ. ಅದು ತಾನಾಗಿಯೇ ನೆನೆಯುವ ತನಕ ಗಲ್ಲ ಉಬ್ಬಿಸಿಕೊಂಡು ಕಿಟಕಿಯ ಹೊರಗಿನ ಹಸಿರು ನೋಡಿದೆ. ಆ ದೇಶದ ಹೊಲಗಳ ಬಗ್ಗೆ ನನಗೆ ನೆನಪಿರುವುದೆಲ್ಲ ಆ ಒಂದು ತುಂಡಿನ ಹೊತ್ತಿನದು.

ಲೈಪ್‌ಜಿಗ್ ನಿಲ್ದಾಣದಲ್ಲಿ ಯೂರ್ಗನ್ ನಿಂತಿದ್ದ. ಆರಡಿಗೂ ಮೀರಿದ ಆಳು, ಎದೆಯವರೆಗೆ ಗಡ್ಡ. ನನ್ನನ್ನು ನೋಡಿ ಕೈ ಎತ್ತಿದ. ಮಣಿಕಟ್ಟಿನ ಮೇಲೆ ಬಳೆಗಳು ಗಲಗಲ ಎಂದವು. ಹಸಿರು ಪ್ಲಾಸ್ಟಿಕ್ ಬಳೆಗಳು.

ನನ್ನ ಗೌರವಕ್ಕಾಗಿ ಹಾಕಿಕೊಂಡಿದ್ದನಂತೆ. ಮೂರು ಅಂಗಡಿ ತಿರುಗಿದರೂ ಅವನ ಕೈಯ ಅಳತೆಗೆ ಗಾಜಿನವು ಸಿಗಲಿಲ್ಲವೆಂದು ಕ್ಷಮೆ ಬೇರೆ ಕೇಳಿದ. ಆಮೇಲೆ ನನ್ನ ಬರಿಗೈ ನೋಡಿ ಹುಬ್ಬೇರಿಸಿದ.

ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ನನ್ನ ಫೋನಿನ ಮೂಲಕ. ನಾನು ಕನ್ನಡದಲ್ಲಿ ಹೇಳಿದರೆ ಅದು ಅವನ ಭಾಷೆಯಲ್ಲಿ ಹೇಳುತ್ತದೆ. ಆದರೆ ಆ ಫೋನಿಗೆ ನಮ್ಮ ಕಡೆಯ ಮಾತು ಹಿಡಿಸುವುದಿಲ್ಲ. ಶಾಲೆಯ ಪುಸ್ತಕದ ಹಾಗೆ ಮಾತಾಡಬೇಕು. ಏಳನೆಯ ಇಯತ್ತೆಯ ಕನ್ನಡವನ್ನೆಲ್ಲ ನೆನೆದುಕೊಂಡು ಹೇಳಿದೆ: "ಪ್ರಯಾಣದ ವೇಳೆಯಲ್ಲಿ ನಾವು ಬಳೆಗಳನ್ನು ಧರಿಸುವುದಿಲ್ಲ."

ಯೂರ್ಗನ್ ಜೇಬಿನಿಂದ ಇನ್ನೊಂದು ಜೊತೆ ಬಳೆ ತೆಗೆದ. ಪ್ರಯಾಣ ಮುಗಿಯಿತಲ್ಲ ಎಂದ. ಹಿಂಡಿ, ತಿರುವಿ, ನನ್ನ ಕೈಗೆ ತಾನೇ ತೊಡಿಸಿದ. ಬಳೆಗಾರ ಸಹ ಅಷ್ಟು ಪ್ರೀತಿಯಿಂದ ತೊಡಿಸಲಾರ.

ಯೂರ್ಗನ್‌ನ ಅಡುಗೆಮನೆ

ಅವನ ಮನೆಯಲ್ಲಿ ನಾನು ಬೆಚ್ಚಿಬಿದ್ದದ್ದು ಒಲೆ ನೋಡಿ. ಕರೆಂಟಿನ ಒಲೆ. ಹಿಂದೆ ಬಗ್ಗಿ ತಂತಿ ನೋಡಿದೆ, ಹಳೆಯ ಚಾಳಿ. ಮೂರು ಫೇಸ್! ನಮ್ಮಲ್ಲಿ ಹೊಲಕ್ಕೆ ಹೊಲವೇ ಬಾಯಿಬಿಟ್ಟುಕೊಂಡು ಕಾಯುವ ತ್ರೀ ಫೇಸಿನ ಮೇಲೆ ಇಲ್ಲಿ ಒಬ್ಬ ಗಡ್ಡದವನು ಆಲೂಗಡ್ಡೆ ಬೇಯಿಸುತ್ತಿದ್ದ. ಕರೆಂಟ್ ಯಾವಾಗ ಹೋಗುತ್ತದೆ ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲ್ಲಿಗೆ ಹೋಗುತ್ತದೆ ಎಂದು ತಿರುಗಿ ಕೇಳಿದ. ಮನೆಯಲ್ಲಿ ಮೇಣದಬತ್ತಿ ಇತ್ತು, ಹುಟ್ಟುಹಬ್ಬದ ಕೇಕಿನದು.

ಆಗ ನನಗೆ ಹೊಳೆಯಿತು. ನನ್ನ ಚೀಲದಲ್ಲಿದ್ದದ್ದು ಕರೆಂಟ್ ಹೋಗಿ ಬಂದರೆ ಮಾತ್ರ ಕೆಲಸ ಮಾಡುವ ಡಬ್ಬಿ. ತಂದದ್ದು ಕರೆಂಟೇ ಹೋಗದ ಊರಿಗೆ.

ಸಂಜೆ ಹೆಲ್ಗಾ ಬಂದರು. ಆ ಹೆಸರು ಕೇಳಿದರೆ ಕಟ್ಟೆಯ ಮೇಲೆ ಎಲ್ಲರೂ ನಡುಗುತ್ತಾರೆ. 'ಈ ಬೆಸುಗೆ ನೋಡಿ ನನ್ನ ಕಣ್ಣು ನೋಯುತ್ತಿದೆ' ಎಂದು ಕಸ್ತೂರಿಗೆ ಬರೆದವರು ಇವರೇ. ಅವತ್ತು ಕಸ್ತೂರಿ ಊಟ ಬಿಟ್ಟು ಎಲ್ಲ ಬೆಸುಗೆ ಕಿತ್ತು ಮತ್ತೆ ಹಾಕಿದ್ದಳು. ಹುಲಿಯಂಥ ಹೆಂಗಸು ಬರುತ್ತಾರೆಂದು ಕಾದರೆ, ಬಿಳಿಗೂದಲಿನ, ಸಣ್ಣ ದನಿಯ ಅಜ್ಜಿ ಬಂದರು. ನನ್ನ ಮುಖ ನೋಡಲೂ ನಾಚಿ, ಬೂಟು ನೋಡುತ್ತ, ಹಣ್ಣಿನ ಕೇಕು ಕೈಗಿಟ್ಟರು. ಆ ಮಂದಿಯೆಲ್ಲ ಹಾಗೆಯೇ. ಕಟ್ಟೆಯ ಮೇಲೆ ಕತ್ತಿ ಹಿರಿಯುತ್ತಾರೆ, ಎದುರಿಗೆ ಬಂದರೆ ಚಹಾಕ್ಕೆ ಸಕ್ಕರೆ ಬೇಕೆಂದು ಕೇಳಲೂ ಸಂಕೋಚ. ನಮ್ಮ ಓಣಿಯಲ್ಲಿ ಇದು ತಿರುವುಮುರುವು.

ಹೆಲ್ಗಾ ಅವರ ಮಣಿಕಟ್ಟಿನಲ್ಲೂ ಹಸಿರು ಬಳೆ ಇತ್ತು.

ಸಭೆ

ಹಳೆಯ ಕಾರ್ಖಾನೆಯ ಒಂದು ದೊಡ್ಡ ಕೋಣೆ. ಮೇಜಿನ ತುಂಬ ತಂತಿ, ಗೋಡೆಯ ತುಂಬ ಉಪಕರಣ, ಕಸ್ತೂರಿಗೆ ತೋರಿಸಿದರೆ ಅಲ್ಲೇ ಹಾಸಿಗೆ ಹಾಕುವಳು. ನನ್ನ ಫೋನನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿದರು. ನಾನು ಆಡಿದ್ದು ಅವರ ಭಾಷೆಯಲ್ಲಿ ಗೋಡೆಯ ಮೇಲೆ ಮೂಡಬೇಕೆಂದು ಏರ್ಪಾಡು. ಬಂದವರಲ್ಲಿ ಅರ್ಧ ಜನ ಬಳೆ ಹಾಕಿಕೊಂಡಿದ್ದರು.

ಪ್ರಶ್ನೆಗಳು ಶುರುವಾದವು. ಈ ಬಿಡಿಭಾಗ ಯಾಕೆ, ಅದು ಯಾಕಲ್ಲ? "ಇಟ್ ಡಿಪೆಂಡ್ಸ್" ಎಂದೆ. ತಲೆಗಳು ಗಂಭೀರವಾಗಿ ಅಲ್ಲಾಡಿದವು. ಬೇಸಿಗೆಯ ಬಿಸಿಲಿಗೆ ತಡೆಯುತ್ತದೆಯೆ? "ಇಟ್ ಡಿಪೆಂಡ್ಸ್." ಒಬ್ಬ ಅದನ್ನು ಬರೆದುಕೊಂಡ. ಇನ್ನಿಬ್ಬರು ಅದರ ಅರ್ಥದ ಮೇಲೆ ವಾದಕ್ಕಿಳಿದರು. ಇಷ್ಟು ಗೌರವ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಹೆಲ್ಗಾ ಸಣ್ಣ ದನಿಯಲ್ಲಿ ಕೇಳಿದರು: ಕರೆಂಟ್ ಬಂದ ಕೂಡಲೇ ಡಬ್ಬಿ ಕರೆ ಮಾಡುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಯಾಕೆ?

ಇದು ಮಾತ್ರ ನನಗೆ ಗೊತ್ತಿತ್ತು. ಪುಸ್ತಕದ ಕನ್ನಡದಲ್ಲಿ ಹೇಳಿದೆ: ನಮ್ಮಲ್ಲಿ ಕರೆಂಟ್ ಒಮ್ಮೆಗೇ ಬರುವುದಿಲ್ಲ, ಬರುತ್ತದೆ, ಹೋಗುತ್ತದೆ, ಮತ್ತೆ ಬಂದು ನಿಲ್ಲುತ್ತದೆ, ನಿಲ್ಲುವ ಮೊದಲೇ ಓಡಿಹೋಗಿ ಚಾಲೂ ಮಾಡಿದವರ ಮೋಟರ್‌ಗಳನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ಹೆಲ್ಗಾ ಮೊದಲ ಸಲ ಬೂಟು ಬಿಟ್ಟು ನನ್ನ ಮುಖ ನೋಡಿದರು. ಇಷ್ಟು ತಿಳಿದವನಿಗೆ ಉಳಿದದ್ದನ್ನೂ ಒಪ್ಪಿಕೊಳ್ಳುವುದು ಕಷ್ಟವಿರಲಿಲ್ಲ. ಬಾಯಿ ತೆರೆದೆ. ಚಪ್ಪಾಳೆ ಬಿತ್ತು. ಮುಚ್ಚಿದೆ.

ಇನ್ನು ಡಬ್ಬಿ ತೋರಿಸಬೇಕು. ನಮ್ಮಲ್ಲಿ ಬರಿ ತಂತಿಯನ್ನು ಸ್ಟಾರ್ಟರಿಗೆ ಸಿಕ್ಕಿಸಿ ಟೆಸ್ಟರನ್ನು ಹಲ್ಲಲ್ಲಿ ಕಚ್ಚಿ ನಿಲ್ಲುತ್ತೇವೆ. ಅದನ್ನು ಮಾಡಹೋದರೆ ಹೆಲ್ಗಾ ಚೀರಿ ನನ್ನ ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಹಾಕಿಸಿ, ತಾವೇ ಪ್ಲಗ್ ಜೋಡಿಸಿಕೊಟ್ಟರು. ಕರೆಂಟ್ ಹೋಗಿ ಬರಬೇಕು ಎಂದೆ. ನಿಜ ಹೇಳಬೇಕೆಂದರೆ ಪ್ಲಗ್ ಕಿತ್ತು ಮತ್ತೆ ಹಾಕಿದರೆ ಸಾಕಿತ್ತು. ಹೇಳಲಿಲ್ಲ. ಪರದೇಶದಲ್ಲಿ ಒಮ್ಮೆ ಕರೆಂಟ್ ತೆಗೆಸಿ ನೋಡುವ ಆಸೆಯಾಯಿತು. ಜನ ಚರ್ಚೆ ಮಾಡಿದರು. ಕೈ ಎತ್ತಿಸಿ ಮತ ಹಾಕಿಸಿದರು, ಬಳೆಗಳು ಒಟ್ಟಿಗೇ ಸದ್ದು ಮಾಡಿದವು. ಯೂರ್ಗನ್ ಹೋಗಿ ಕಟ್ಟಡದ ಮುಖ್ಯ ಸ್ವಿಚ್ ಕೆಳಗೆಳೆದ.

ಕತ್ತಲಾಯಿತು. ಎಲ್ಲರೂ ಖುಷಿಯಿಂದ ಹೋ ಎಂದು ಕೂಗಿದರು. ನಮ್ಮ ಓಣಿಯಲ್ಲಿ ಕರೆಂಟ್ ಬಂದಾಗ ಕೂಗುವ ಹಾಗೆ ಅವರು ಹೋದಾಗ ಕೂಗಿದರು.

ಮತ್ತೆ ಬೆಳಕು ಬಂತು. ಡಬ್ಬಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಳಗೆ ಟಕ್ ಎಂದಿತು. ಎಲ್ಲರೂ ಯೂರ್ಗನ್‌ನ ಫೋನು ನೋಡಿದರು. ಡಬ್ಬಿಯೊಳಗೆ ತಮ್ಮ ದೇಶದ ಸಿಮ್ ಹಾಕಿ, ಅವನ ನಂಬರ್ ಕೂಡಿಸಲು ನನಗೇ ಹೇಳಿದ್ದರು. ಕೂಡಿಸುವುದು ಹೇಗೆಂದು ಗೊತ್ತಿರದಿದ್ದರೂ ಆಗಲಿ ಎಂದು ತಲೆ ಅಲ್ಲಾಡಿಸಿದ್ದೆ. ಯೂರ್ಗನ್‌ನ ಫೋನು ತಣ್ಣಗೆ ಬಿದ್ದಿತ್ತು. ಯಾರೋ ಗಂಟಲು ಸರಿಪಡಿಸಿಕೊಂಡರು.

ಅಷ್ಟರಲ್ಲಿ ಗೋಡೆಯೇ ರಿಂಗಾಯಿತು. ಪರದೆಗೆ ಜೋಡಿಸಿದ್ದ ನನ್ನ ಫೋನಿಗೆ ವಿಡಿಯೊ ಕರೆ: ಕಸ್ತೂರಿ. ಡಬ್ಬಿ ತನಗೆ ಗೊತ್ತಿದ್ದ ಒಂದೇ ನಂಬರಿಗೆ, ಅಫಜಲಪುರಕ್ಕೆ, ಮಿಸ್ಡ್ ಕಾಲ್ ಕೊಟ್ಟಿತ್ತು. ಮಿಸ್ಡ್ ಕಾಲ್ ಕಂಡರೆ ತಿರುಗಿ ಕರೆ ಮಾಡುವುದು ನಮ್ಮೂರ ರೂಢಿ; ಪರದೇಶದ ನಂಬರ್ ಕಂಡು ಡಬ್ಬಿಯದೇ ಎಂದು ಊಹಿಸಿ ಅವಳು ನನಗೆ ಮಾಡಿದ್ದಳು. ಯೂರ್ಗನ್ ಇದೂ ಪ್ರದರ್ಶನದ ಭಾಗವೆಂದು ತಿಳಿದು ಗುಂಡಿ ಒತ್ತಿಬಿಟ್ಟ.

ಗೋಡೆಯ ಮೇಲೆ ಮೊದಲು ಮೂಡಿದ್ದು ಮುಖವಲ್ಲ, ಕೈ. ಫೋನನ್ನು ಏನಕ್ಕೋ ಆನಿಸಿಡುತ್ತಿದ್ದಳು. ಆಳೆತ್ತರದ ಕೈ, ಬೆಸುಗೆ ಕಡ್ಡಿ, ಹಸಿರು ಗಾಜಿನ ಬಳೆ, ಹೆಬ್ಬೆರಳಿನ ಸುಟ್ಟ ಕಲೆ. ಆ ಕೈಯನ್ನು ಅವರೆಲ್ಲ ನನ್ನ ಮುಖಕ್ಕಿಂತ ಚೆನ್ನಾಗಿ ಬಲ್ಲವರು.

"ಅಣ್ಣಾ, ಡಬ್ಬಿ ನನಗ್ಯಾಕ ಮಿಸ್ ಕಾಲ್ ಕೊಟ್ಟದ? ನಂಬರ್ ಬದಲ್ ಮಾಡು ಅಂದಿದ್ದಿಲ್ಲೇನು?"

"ಮರತೆ" ಎಂದೆ.

"ಮರತಿಯೋ, ಬರಂಗಿಲ್ಲೋ?"

ಅವಳ ಹಿಂದಿನಿಂದ ರಹೀಮ್ ಚಾಚಾನ ತಲೆ ಇಣುಕಿತು. "ಅರೆ ಭೀಮಾ, ಅಲ್ಲಿ ಬರ್ಫ್ ಬಿದ್ದದೇನೋ?"

"ಚಾಚಾ, ಸರೀರಿ ಒಂದೀಟು" ಎಂದು ಅವರನ್ನು ಪಕ್ಕಕ್ಕೆ ತಳ್ಳಿ ಕಸ್ತೂರಿ ಪರದೆಗೆ ಮುಖ ಹತ್ತಿರ ತಂದಳು. "ಅಣ್ಣಾ, ನಿನ್ನ ಕೈಯಾಗೇನದು? ಬಳಿ ಹಾಕ್ಕೊಂಡಿಯೇನು? ಅಯ್ಯ, ನಿನ್ನ ಹಿಂದಿನವ್ರೂ ಹಾಕ್ಕೊಂಡಾರಲ್ಲ! ಆ ಗಡ್ಡದವ್ರೂ! ಏನ್ ನಡದದ ಅಲ್ಲಿ, ಯಾರದರೇ ಸೀಮಂತ ಅದನೇನು?"

ಅವಳು ಬಿದ್ದು ಬಿದ್ದು ನಕ್ಕಳು. ಕೋಣೆಯಲ್ಲಿ ಯಾರೂ ನಗಲಿಲ್ಲ. ಹೆಲ್ಗಾ ಗೋಡೆಯ ಕೈ ನೋಡಿದರು, ನನ್ನ ಕೈ ನೋಡಿದರು. "ಹೂ ಈಸ್ ಶೀ?" ಎಂದರು.

ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ. ನನ್ನ ನಾಲಿಗೆ ಅಭ್ಯಾಸಬಲದಿಂದ "ಇಟ್" ಎಂದುಬಿಟ್ಟಿತು. ಅಲ್ಲಿಗೇ ಕಚ್ಚಿ ಹಿಡಿದೆ. ಬಳೆ ಕಳಚಿಡೋಣವೆಂದು ಎಳೆದೆ. ಗೆಣ್ಣಿಗೆ ಸಿಕ್ಕಿಕೊಂಡು ಬರಲಿಲ್ಲ. ಬಳೆಯ ಕೈಯಿಂದಲೇ ಗೋಡೆಯನ್ನು ತೋರಿಸಿ, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: "ಮೈ ಸಿಸ್ಟರ್, ಕಸ್ತೂರಿ. ಶೀ ಮೇಡ್. ನಾಟ್ ಮಿ."

ಹೆಲ್ಗಾ ನನ್ನನ್ನು ದಾಟಿ ಗೋಡೆಯ ಹತ್ತಿರ ಹೋಗಿ, ನಾಚುತ್ತ, ಕಸ್ತೂರಿಗೆ ಕೈ ಬೀಸಿದರು. ಆಮೇಲೆ ಇಡೀ ಕೋಣೆ ಕೈ ಬೀಸಿತು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ.

ಕಸ್ತೂರಿಯ ನಗು ನಿಂತಿತ್ತು. "ಯಾಕ ಎಲ್ಲಾರೂ ನನಗ ಕೈ ಮಾಡಾಕತ್ತಾರ? ನನ್ನ ಹೆಸರ ಹೇಳಿದೇನು, ಅಣ್ಣಾ?"

ಫೋನು ನನ್ನ ಮಾತನ್ನು ಯಾರಿಗೂ ತಿರುಗಿಸಿ ಹೇಳುವ ಅಗತ್ಯವಿರಲಿಲ್ಲ. ಪುಸ್ತಕದ ಕನ್ನಡ ಬಿಟ್ಟೆ.

"ಇಷ್ಟೊತ್ತನ ಹೇಳಿದ್ದಿಲ್ಲ, ಈಗ ಹೇಳ್ದೆ. ರೂಲ್ ಗೀಲ್ ಏನೂ ಇದ್ದಿಲ್ಲ ಕಸ್ತೂರಿ, ನಾನೇ ಸುಳ್ಳು ಹೇಳ್ದೆ. ಇವ್ರು ಕರದದ್ದು ಡಬ್ಬಿ ಮಾಡಿದವ್ರಿಗೆ, ನಿನಗ. ನಿನ್ನ ಜಾಗದಾಗ ನಾ ಬಂದು ನಿಂತೇನಿ. ತಪ್ಪಾಗ್ಯಾದ ನಂದು. ಮಾಫ್ ಮಾಡು, ತಂಗೆವ್ವ."